ಜಗಲಿಯ ಮೇಲೊಂದು ಎಡೆ

ದೆವ್ವ, ಹಿರಿಯರ ಆತ್ಮ, ಇಂಥವನ್ನು ನಾನು ನಂಬಿದವನಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ಯಾರಾದರೂ ಅಂಥ ಅನುಭವ ಹೇಳಿದರೆ, ಆಮೇಲೆ ಸೇರಿಸಿದ್ದೆಷ್ಟು ಎಂದು ಮನಸ್ಸಿನಲ್ಲೇ ಕಳೆಯುತ್ತಿದ್ದೆ. ನನ್ನ ನೆನಪಿನ ಮೇಲೂ ನನಗೆ ಅಷ್ಟೇ ಅನುಮಾನ. ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದೇ ಅದರಿಂದ.

ಎಂ.ಎ. ಓದುವಾಗ ನಮ್ಮ ಭಾಗದ ಹಳ್ಳಿಗಳ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು. ಚೌಳಹಿರಿಯೂರಿನಲ್ಲಿ ಹಿಂದೆ ಶಾನುಭೋಗಿಕೆ ಮಾಡಿದ್ದ ಮನೆಯವರ ಅಟ್ಟದಲ್ಲಿ ಹಳೆಯ ಜನಗಣತಿಯ ಮನೆವಾರು ಪ್ರತಿಗಳು ಉಳಿದಿದ್ದವು. ಕುತೂಹಲಕ್ಕೆ ಪಂಚನಹಳ್ಳಿಯ ನಮ್ಮ ಮನೆಯನ್ನೂ ಹುಡುಕಿದೆ. ಅಜ್ಜ, ಅಜ್ಜಿ, ಕೈಗೂಸಾಗಿದ್ದ ಅಪ್ಪ. ಅವರ ಕೆಳಗೆ ಇನ್ನೊಬ್ಬ: ನಂಜಪ್ಪ, ಯಜಮಾನನ ತಮ್ಮ, ಕಸುಬು ರೈಲ್ವೆ ಗ್ಯಾಂಗು, ಅಜ್ಜಂಪುರ.

ಅಂಥವರೊಬ್ಬರಿದ್ದರೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಅಪ್ಪನನ್ನು ಕೇಳಿದೆ.

"ನಮ್ಮಪ್ಪಂಗೆ ತಮ್ಮ ಎಲ್ಲಿಂದ ಬಂದ? ಎಣಿಸೋಕ್ ಬಂದೋನು ಪಕ್ಕದ ಮನೆಯೋನ್ನ ನಮ್ಮನೆಗೆ ಸೇರಿಸಿರ್ತಾನೆ, ಬಿಡು" ಎಂದು ನಕ್ಕರು.

ಆದರೆ ಅದು ಪಿತೃಪಕ್ಷ ಹತ್ತಿರ ಬರುತ್ತಿದ್ದ ಸಮಯ. ನಮ್ಮಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಬೇರೆ ಬೇರೆ ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಹೆಸರು ಹಿಡಿದು ಕರೆಯುತ್ತಾರೆ. ಒಂದು ವಾರದ ನಂತರ ಒಂದು ಬೆಳಿಗ್ಗೆ ಅಪ್ಪ ತಾವಾಗಿಯೇ ನಂಜಪ್ಪನ ಮಾತೆತ್ತಿದರು.

"ಸತ್ತೋರ್ಗೆ ಎಡೆ ತಪ್ಸಿದ್ರೆ ಹಸ್ಕೊಂಡ್ ತಿರುಗ್ತಾರೆ. ಹಂಗಂತ ಬದುಕಿರೋರ್ಗೆ ಇಟ್ರೆ ನಾವೇ ಕೊಂದಂಗೆ ಕಣೋ. ಹೋಗಿ ವಿಚಾರಿಸ್ಕೊಂಡ್ ಬಾ."

"ಇದ್ರೂ ತೊಂಬತ್ತು ದಾಟಿರುತ್ತಲ್ಲಪ್ಪಾ."

"ದಾಟಿದ್ರೆ ದಾಟ್ಲಿ. ನಿಂಗೇನು ಕಷ್ಟ?"

ಮೊದಲು ತರೀಕೆರೆಯಲ್ಲಿದ್ದ, ರೈಲ್ವೆಯಿಂದ ನಿವೃತ್ತರಾದ ಪರಿಚಯದವರೊಬ್ಬರನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಇನ್ನೊಂದು ದಿನ ಕಡೂರಿನಲ್ಲಿ ಬಸ್ಸು ಬದಲಿಸಿ ಅಜ್ಜಂಪುರಕ್ಕೇ ಹೋದೆ. ಮಧ್ಯಾಹ್ನ, ಚೆನ್ನಾಗಿ ಬಿಸಿಲಿತ್ತು. ಸ್ಟೇಷನ್ ಹತ್ತಿರ ಮಂಡಕ್ಕಿ ಮಾರುತ್ತಿದ್ದ ಅಜ್ಜಿಯೊಬ್ಬರಿಗೆ, ಪಂಚನಹಳ್ಳಿಯ ನಂಜಪ್ಪ ಅಂತ, ಹಿಂದೆ ಗ್ಯಾಂಗಿನಲ್ಲಿದ್ದವರು, ಎಂದೆ. ಅವರು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ ಹೇಳಿದರು:

"ಏನಪ್ಪಾ, ಮೊನ್ನೆ ಅವ್ರು ಬಂದು ನಿಮ್ಮೋರನ್ನ ಕೇಳಿದ್ರು, ಇವತ್ತು ನೀನು ಬಂದು ಅವ್ರನ್ನ ಕೇಳ್ತೀಯ. ಇಬ್ರೂ ಒಂದೇ ದಿನ ಬಂದಿದ್ರೆ ನಂಗೆ ತಲೆನೋವು ತಪ್ತಿತ್ತು."

"ಯಾರಜ್ಜಿ ಬಂದಿದ್ದು?"

"ಹೆಸರು ನಾನ್ಯಾಕೆ ಕೇಳ್ಲಿ? ನಿನ್ನಷ್ಟೇ ವಯಸ್ಸು. ಪಂಚನಹಳ್ಳಿ ಕಡೆಯೋರು ಇಲ್ಲಿಗೆ ಬತ್ತಾರಾ, ನಮ್ಮಣ್ಣನ ಮಗ ಅವಲಕ್ಕಿ ಅಂತ, ಇದ್ದಾನೋ ಹೋಗ್ಬಿಟ್ನೋ ಅಂದ್ರು. ಹೋಗಿದ್ರೆ ಈ ಸಲ ಎಡೆ ಇಡ್ಬೇಕಂತೆ. ನಂಗೆಂಗೆ ಗೊತ್ತಾಗ್ಬೇಕು? ಮಂಡಕ್ಕಿ ಕಟ್ಟಿಸ್ಕೊಂಡು ಹೋದ್ರು. ನಿಂಗೂ ಕಟ್ಲಾ?"

ನನ್ನಷ್ಟು ವಯಸ್ಸಿನವನು ನಂಜಪ್ಪನಾಗಿರುವುದು ಸಾಧ್ಯವೇ ಇರಲಿಲ್ಲ. ಯಾವುದೋ ಬೇರೆ ಮನೆಯ ಕತೆ ಎಂದುಕೊಂಡೆ. ಅವಲಕ್ಕಿ ಎಂಬ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ. ಸಂಜೆ ಮನೆಗೆ ಬಂದು ಅದನ್ನು ತಮಾಷೆಯಾಗಿಯೇ ಹೇಳಿದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ಆ ಹೆಸರು ನಿಂಗ್ಯಾರು ಹೇಳಿದ್ರು?"

ಹುಟ್ಟಿದಾಗ ಅಪ್ಪ ಅವಲಕ್ಕಿಯಷ್ಟು ತೆಳ್ಳಗಿದ್ದರಂತೆ. ಹಾಗಾಗಿ ಆ ಹೆಸರು. ನಡೆಯಲು ಕಲಿಯುವಷ್ಟರಲ್ಲಿ ಅದು ಬಿಟ್ಟುಹೋಗಿತ್ತು. ದೊಡ್ಡವರಾದ ಮೇಲೆ ನನ್ನ ಅಜ್ಜಿ ಒಮ್ಮೆ ಹೇಳಿದ್ದನ್ನು ಅಪ್ಪ ನಾಚಿಕೆಯಿಂದ ಅವ್ವನಿಗೂ ಹೇಳಿರಲಿಲ್ಲ.

ಇಷ್ಟೇ ನಡೆದದ್ದು. ಬಂದವನು ನಂಜಪ್ಪನ ಮೊಮ್ಮಗನಿರಬಹುದು. ಆದರೆ ಮೊಮ್ಮಗ "ನಮ್ಮಣ್ಣನ ಮಗ" ಎನ್ನುವುದಿಲ್ಲ. ಮಂಡಕ್ಕಿಯ ಅಜ್ಜಿ ಮಾತನ್ನು ತಿರುಚಿ ಹೇಳಿರಬಹುದು. ಅಜ್ಜಂಪುರಕ್ಕೆ ಹೋದ ದಿನದ ದಿನಚರಿಯಲ್ಲಿ "ಎಡೆಯ ಮಾತು ಬಂತು" ಎಂದಷ್ಟೇ ಇದೆ, ಮೊದಲು ಎತ್ತಿದವರು ಯಾರೆಂದು ಬರೆದಿಲ್ಲ. ನಾನೇ ಎತ್ತಿರಬಹುದು. ಆ ಹೆಸರನ್ನೂ ಚಿಕ್ಕವನಿದ್ದಾಗ ನನ್ನ ಅಜ್ಜಿಯ ಬಾಯಲ್ಲಿ ಕೇಳಿ ಮರೆತು, ಅಜ್ಜಂಪುರದಲ್ಲಿ ಕೇಳಿದೆನೆಂದು ಆಮೇಲೆ ಜೋಡಿಸಿಕೊಂಡಿರಬಹುದು. ಹಾಗೆ ಜೋಡಿಸಿದ ನೆನಪು ಸಿಕ್ಕಿಬೀಳುವುದಿಲ್ಲ ಎಂಬುದೇ ತೊಂದರೆ.

ಹಬ್ಬದ ದಿನ ಅಪ್ಪ ತಮ್ಮದೇ ಒಂದು ದಾರಿ ಕಂಡುಕೊಂಡರು. ಒಳಗೆ ಹಿರಿಯರಿಗೆ ಎಂದಿನಂತೆ ಎಲೆ ಹಾಕಿದರು. ಹೊರಗೆ ಜಗಲಿಯ ಮೇಲೆ ಇನ್ನೊಂದು ಎಲೆ. ಅದಕ್ಕೆ ಬಟ್ಟೆಯಿಲ್ಲ, ಧೂಪವಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. "ನೆಂಟ್ರು ಬರೋರಿದ್ರೆ ಹೆಂಗೆ ಬಡಿಸ್ತೀವೋ ಹಂಗೆ" ಎಂದರು. ನಾವೆಲ್ಲ ಉಂಡೆದ್ದರೂ ಅವರು ಆ ಎಲೆಯ ಪಕ್ಕದಲ್ಲೇ ಕೂತು ಬೀದಿ ನೋಡುತ್ತಿದ್ದರು. ಸಂಜೆಗೆ ಅದನ್ನು ಹಸುವಿಗೆ ಹಾಕಿದೆವು. ಅವರಿರುವವರೆಗೂ ಪ್ರತಿ ವರ್ಷ ಹೀಗೇ ನಡೆಯಿತು.

ಈಗ ಒಳಗೆ ಅಪ್ಪನ ಎಲೆಯೂ ಇದೆ. ಬಡಿಸುವವನು ನಾನು. ಜಗಲಿಯ ಎಲೆಯನ್ನೂ ತಪ್ಪಿಸಿಲ್ಲ.

ಅಪ್ಪ ಹೋದ ವರ್ಷ, ಹಬ್ಬಕ್ಕೆ ಮೊದಲು ಮತ್ತೆ ಅಜ್ಜಂಪುರಕ್ಕೆ ಹೋಗಿದ್ದೆ. ಆತ ಬಂದರೆ ಹೇಳಿ, ಅವಲಕ್ಕಿ ತೀರಿಕೊಂಡರು, ಎಂದು ಮಂಡಕ್ಕಿಯ ಅಜ್ಜಿಗೆ ತಿಳಿಸಿ ಬರೋಣವೆಂದು. ಅವರು ಕೂರುತ್ತಿದ್ದ ಜಾಗದಲ್ಲಿ ಮೊಬೈಲ್ ರಿಪೇರಿಯವನಿದ್ದ, ಅವನಿಗೆ ಅವರ ವಿಷಯ ಗೊತ್ತಿರಲಿಲ್ಲ. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ: ಹಾಗಾದರೆ ಎಲ್ಲೋ ಒಂದು ಮನೆಯಲ್ಲಿ ಅಪ್ಪನಿಗೆ ಇನ್ನೂ ಎಡೆ ಇಟ್ಟಿಲ್ಲ, ಅಲ್ಲಿಯ ಲೆಕ್ಕದಲ್ಲಿ ಅವರು ಇನ್ನೂ ಬದುಕಿದ್ದಾರೆ. ಓದಿದವನು ಮಾಡುವ ಯೋಚನೆಯಲ್ಲ ಅದು. ಆದರೂ ನನಗೆ ಸಮಾಧಾನವಾಯಿತು, ಮತ್ತೆ ಹುಡುಕಿಕೊಂಡು ಹೋಗಲಿಲ್ಲ.