ಟೈಲರಮ್ಮನ ಬೆತ್ತದ ಬಳೆ

ಊರಿನ ಕೊನೆಯ ಬಸ್‌ಸ್ಟಾಪಿನ ಎದುರಿಗೆ, ಮಹಡಿಗೆ ಹೋಗುವ ಮೆಟ್ಟಿಲ ಅಡಿಯಲ್ಲಿ ಟೈಲರಮ್ಮನ ಅಂಗಡಿ. ಒಳಗೆ ಎರಡು ಹೊಲಿಗೆ ಮಷಿನ್ನು, ಒಂದು ಇಸ್ತ್ರಿ ಮೇಜು, ಮೇಜಿನ ಹಿಂದೆ ಗಂಡ. ಗಂಡ ಇಸ್ತ್ರಿ ಮಾಡುತ್ತಾನೆ, ಹೆಂಡತಿ ಮಾತಾಡುತ್ತಾಳೆ. ಬಹಳ ವರ್ಷಗಳಿಂದ ಸಂಸಾರ ಹೀಗೇ ಸುಸೂತ್ರವಾಗಿ ನಡೆದುಕೊಂಡು ಬಂದಿದೆ. ಗೋಡೆಯ ಮೇಲೆ, ಬೇರೆ ಟೈಲರುಗಳು ಕನ್ನಡಿ ತೂಗುಹಾಕುವ ಜಾಗದಲ್ಲಿ, ಬೆತ್ತವನ್ನು ಬಗ್ಗಿಸಿ ಕಟ್ಟಿದ ಒಂದು ದೊಡ್ಡ ಬಳೆ ನೇತಾಡುತ್ತದೆ. ಹೊಸ ಗಿರಾಕಿಗಳು ಅದನ್ನು ಕಸೂತಿಯ ಸಾಮಾನು ಅಂದುಕೊಳ್ಳುತ್ತಾರೆ. ಹಳಬರು ಅದನ್ನು ಕಂಡರೆ ತಮಗೇ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ.

ಕಥೆ ಶುರುವಾದದ್ದು ಸೀಮೆಸುಣ್ಣದಿಂದ. ಮದುವೆಯಾದ ಹೊಸದರಲ್ಲಿ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಗಳು ಮುರಿದು ಮುರಿದು ಸಾಕಾಗಿದ್ದಾಗ, ಊರಾಚೆಯ ಕಮರಿಯಲ್ಲಿ ಎಲ್ಲಿ ನೋಡಿದರೂ ಸುಣ್ಣಕಲ್ಲೇ ಅಂತೆ ಎಂದು ಯಾರೋ ಹೇಳಿದರು. ಟೈಲರಮ್ಮ ಚೀಲ ಹಿಡಿದು ಹೊರಟೇಬಿಟ್ಟಳು. ತಂದ ಕಲ್ಲು ಬಟ್ಟೆಗೆ ಗುರುತು ಹಾಕಲಿಲ್ಲ, ಬಟ್ಟೆಯನ್ನೇ ಹರಿಯಿತು. ಆದರೆ ಅಂದು ಕಮರಿಯ ತಳದಲ್ಲಿ, ಹರಿಯುತ್ತಿದ್ದ ತೊರೆ ಇದ್ದಕ್ಕಿದ್ದಂತೆ ನೆಲದೊಳಗೆ ನುಗ್ಗಿ ಮಾಯವಾಗುವ ಜಾಗದ ಪಕ್ಕ, ಬಂಡೆಯ ಬಿರುಕಿನಿಂದ ತಣ್ಣನೆ ಗಾಳಿ ಬಂದು ಅವಳ ಮುಖಕ್ಕೆ ಬಡಿದಿತ್ತು. ಬಗ್ಗಿ ನೋಡಿದರೆ ಗುಹೆ. ಅಂದಿನಿಂದ ಭಾನುವಾರ ಬಂತೆಂದರೆ ಮನೆಯಲ್ಲಿ ಅವಳ ಕಾಲು ನಿಲ್ಲುವುದಿಲ್ಲ.

ಮೊದಲು ಒಬ್ಬಳೇ ಹೋದಳು. ಆಮೇಲೆ ಗಂಡನನ್ನು ಎಳೆದುಕೊಂಡು ಹೋದಳು. ಅವನು ಒಂದೇ ಸಲಕ್ಕೆ ತಲೆಗೆ ಪೆಟ್ಟು ಮಾಡಿಕೊಂಡು, “ನನಗೆ ಈ ಮೆಟ್ಟಿಲಡಿಯೇ ಸಾಕು ಮಾರಾಯ್ತಿ” ಎಂದು ಕೈಮುಗಿದ. ಬಳಿಕ ಗಿರಾಕಿಗಳು ಜೊತೆಯಾದರು. ಹೊಲದ ಬದು ಹಿಡಿದು ನಡೆದು, ಕಮರಿಗೆ ಇಳಿದು, ಬೂದುಬಣ್ಣದ ಗೋಡೆಗಳ ನಡುವೆ ಪಾರಿವಾಳಗಳ ಗುಟುರು ಕೇಳುತ್ತ ಗುಹೆ ಸೇರುವುದು ಹತ್ತಾರು ಜನರ ಭಾನುವಾರದ ಅಭ್ಯಾಸವೇ ಆಗಿಹೋಯಿತು.

ಗುಹೆಯೊಳಗೆ ಮೊದಲು ಒಂದು ಹಜಾರ, ನೆಟ್ಟಗೆ ನಿಂತು ಹರಟೆ ಹೊಡೆಯುವಷ್ಟು ಎತ್ತರ. ಅದರ ಮೂಲೆಯಲ್ಲಿ ಹೊಟ್ಟೆಯ ಮೇಲೆ ತೆವಳಬೇಕಾದ ಸಂದಿ. ಒಂದು ತಿರುವು ದಾಟಿದರೆ ಅದು ಇನ್ನೂ ಕಿರಿದಾಗುತ್ತದೆ. ಆ ಜಾಗಕ್ಕೆ ಎಲ್ಲರೂ ‘ಗಂಟಲು’ ಅನ್ನುತ್ತಾರೆ. ಗಂಟಲಿನಾಚೆ ಒಳಕೋಣೆ. ಅಲ್ಲಿ ಟೈಲರಮ್ಮ ಎಲ್ಲರ ಟಾರ್ಚೂ ಆರಿಸಲು ಹೇಳುತ್ತಾಳೆ. ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಆ ಕಗ್ಗತ್ತಲೆಯಲ್ಲಿ ಸ್ವಲ್ಪ ಹೊತ್ತು ಸತಾಯಿಸಿ, ತನ್ನದೊಂದು ದೀಪ ಹಚ್ಚುತ್ತಾಳೆ. ಚಾವಣಿಯಿಂದ ಇಳಿಬಿದ್ದ ಬಿಳಿ ಕಲ್ಲಿನ ಕೊಳವೆಗಳು, ನೆಲದಿಂದೆದ್ದ ಕಂಬಗಳು, ಒಣಹಾಕಿದ ಪರದೆಯ ಹಾಗೆ ಮಡಿಕೆ ಮಡಿಕೆಯಾಗಿ ಇಳಿದ ಸುಣ್ಣದ ಗೋಡೆ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಹೊಸಬರ ಬಾಯಿಂದ “ಅಬ್ಬಾ!” ಹೊರಡುತ್ತದೆ. ಆ ಒಂದು “ಅಬ್ಬಾ” ಕೇಳುವುದಕ್ಕಾಗಿಯೇ ಅವಳು ವಾರವಿಡೀ ಊರವರ ಹರಿದ ಜೇಬು ಹೊಲಿಯುತ್ತಿದ್ದಳು ಎಂದರೂ ತಪ್ಪಿಲ್ಲ.

ಒಮ್ಮೆ ಬೇಕರಿಯವನೊಬ್ಬ ಗಂಟಲಲ್ಲಿ ಸಿಕ್ಕಿಹಾಕಿಕೊಂಡು, ಅತ್ತ ಹೋಗಲಾರದೆ ಇತ್ತ ಬರಲಾರದೆ ಅರ್ಧ ದಿನ ಗೋಳಾಡಿದ. ಮರುದಿನವೇ ಟೈಲರಮ್ಮ ಟೇಪು ಹಿಡಿದು ಹೋಗಿ ಗಂಟಲಿನ ಸುತ್ತಳತೆ ತೆಗೆದಳು. ಅದೇ ಅಳತೆಗೆ ಬೆತ್ತ ಬಗ್ಗಿಸಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು, ಕೆಂಪು ದಾರ ಬಿಗಿಯಾಗಿ ಸುತ್ತಿ ಬಳೆ ಮಾಡಿದಳು. ಶನಿವಾರ ಸಂಜೆ, ಮರುದಿನ ಬರುವವರೆಲ್ಲ ಅಂಗಡಿಗೆ ಬಂದು ಕೈ ಮೇಲೆತ್ತಿ ನಿಲ್ಲಬೇಕು. ಬಳೆ ತಲೆಯಿಂದ ಕಾಲಿನವರೆಗೆ ಸರಾಗವಾಗಿ ಇಳಿದರೆ ಸರಿ, ಇಲ್ಲದಿದ್ದರೆ ಹಜಾರದಲ್ಲೇ ಕೂತು ಬಿಸ್ಕತ್ತು ತಿನ್ನಬೇಕು. ಎಲ್ಲರಿಗಿಂತ ಮೊದಲು ಟೈಲರಮ್ಮನೇ ನಿಲ್ಲುತ್ತಿದ್ದಳು. “ಬಳೆ ಯಾರ ಮುಖಾನೂ ನೋಡಲ್ಲ” ಎನ್ನುವುದು ಅವಳ ಮಾತು.

ಮುಖ ನೋಡದ ಬಳೆಯಿಂದ ಅವಳಿಗೆ ಒಂದು ದೊಡ್ಡ ಸುಖವೂ ಸಿಕ್ಕಿತ್ತು. ಅದು ಬೀಗಿತ್ತಿಯ ವಿಷಯ. ಮಗಳ ಅತ್ತೆಯಾದ ಈ ಮಹಾತಾಯಿ ರೈಲ್ವೆ ಸ್ಟೇಷನ್ನಿನಲ್ಲಿ ಯಾವ ಗಾಡಿ ಎಷ್ಟು ತಡ ಎಂದು ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತರಾದವರು. ಅವರು ಗುಟ್ಟು ಹೇಳಿದರೆ ಎದುರುಮನೆಯವರು ಉತ್ತರ ಕೊಡುತ್ತಿದ್ದರು. ಮಗಳ ಮದುವೆಗೆ ಟೈಲರಮ್ಮ ಕಣ್ಣು ಕೆಂಪಾಗಿಸಿಕೊಂಡು ಹೊಲಿದ ಉಡುಪನ್ನು ಮುಟ್ಟಿ ನೋಡಿ ಈಕೆ “ಪರವಾಗಿಲ್ಲ” ಎಂದಿದ್ದರು. ಬೈದಿದ್ದರೆ ಟೈಲರಮ್ಮ ಮರೆತುಬಿಡುತ್ತಿದ್ದಳೋ ಏನೋ. “ಪರವಾಗಿಲ್ಲ” ಮಾತ್ರ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಬೀಗಿತ್ತಿಗೆ ಒಳಕೋಣೆ ನೋಡುವ ಆಸೆ. ಮೂರು ಸಲ ಬಂದು ಕೈ ಮೇಲೆತ್ತಿ ನಿಂತರು. ಮೂರು ಸಲವೂ ಬಳೆ ಸೊಂಟದ ಹತ್ತಿರ ನಿಂತಿತು. “ಏನು ಮಾಡೋದು ಬೀಗರೇ, ಬಳೆಗೆ ದಾಕ್ಷಿಣ್ಯ ಗೊತ್ತಿಲ್ಲ ನೋಡಿ” ಎಂದು ಟೈಲರಮ್ಮ ಮೂರು ಸಲವೂ ಸಕ್ಕರೆಯಂಥ ದನಿಯಲ್ಲಿ ಹೇಳಿ, ಅವರು ಹೋದಮೇಲೆ ಇಸ್ತ್ರಿ ಮೇಜಿಗೆ ಒರಗಿ ನಕ್ಕಿದ್ದಳು.

ಹಾಗೆ ನಕ್ಕವಳಿಗೆ ಒಂದು ಶುಕ್ರವಾರ ಬಳೆ ಕೈಕೊಟ್ಟಿತು. ಯಾಕೋ ಅನುಮಾನ ಬಂದು, ಬಾಗಿಲು ಎಳೆದುಕೊಂಡು ಬಳೆ ಇಳಿಸಿ ನೋಡಿದಳು. ಸೊಂಟದ ಹತ್ತಿರ ನಿಂತಿತು. ಉಸಿರು ಬಿಟ್ಟು ನೋಡಿದಳು, ಓರೆಯಾಗಿ ನೋಡಿದಳು. ಊಹೂಂ. ನಾಳೆ ಎಲ್ಲರ ಎದುರು ಹೀಗೆ ನಿಂತರೆ? ತನ್ನ ದೀಪವನ್ನು ಇನ್ಯಾರೋ ಹಚ್ಚಿದರೆ? ಟೈಲರಮ್ಮನಿಗೆ ನಿಜಕ್ಕೂ ಅಳು ಬಂತು. ಅಳುತ್ತಲೇ ಜೀವಮಾನವಿಡೀ ಮಾಡಿದ್ದನ್ನೇ ಮಾಡಿದಳು. ಅಳತೆ ಸಾಲದಿದ್ದರೆ ಗಿರಾಕಿಯನ್ನು ಯಾವ ಟೈಲರೂ ದೂರುವುದಿಲ್ಲ. ಒಳಮಡಿಕೆ ಬಿಚ್ಚಿ ಎರಡು ಬೆರಳು ಸಡಿಲ ಮಾಡುತ್ತಾನೆ. ಅವಳು ಬಳೆಯ ಕೆಂಪು ದಾರ ಬಿಚ್ಚಿದಳು, ತುದಿಗಳನ್ನು ಎರಡು ಬೆರಳಷ್ಟು ಸರಿಸಿದಳು, ಹೊಸ ದಾರ ಸುತ್ತಿದಳು. ಗಂಡ ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. “ಗುಹೇನೂ ಬಿಚ್ಚಿ ಹೊಲೀತೀಯಾ?” ಎಂದಷ್ಟೇ ಕೇಳಿದ.

ಶನಿವಾರ ಟೈಲರಮ್ಮ ಗತ್ತಿನಿಂದ ನಿಂತಳು, ಬಳೆ ಇಳಿಯಿತು. ಉಳಿದವರೂ ಇಳಿಸಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಬೀಗಿತ್ತಿ. “ನಾನೂ ಒಂದು ಸಲ ನೋಡೇಬಿಡ್ತೀನಿ ಬೀಗರೇ!” ಟೈಲರಮ್ಮ ಬೇಡ ಎನ್ನುವ ಮೊದಲೇ ಅವರು ಕೈ ಮೇಲೆತ್ತಿ ನಿಂತಿದ್ದರು. ಬಳೆ ಭುಜ ದಾಟಿತು, ಸೊಂಟದ ಹತ್ತಿರ ಒಂದು ಕ್ಷಣ ಯೋಚಿಸಿತು, ಆಮೇಲೆ ಸರ್ರನೆ ಕಾಲ ಬುಡಕ್ಕೆ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಬೀಗಿತ್ತಿ ಬಳೆಯನ್ನು ಎತ್ತಿ ಹೊಸ ದಾರವನ್ನು ಒಮ್ಮೆ ಸವರಿ, ಗೋಡೆಗೆ ತಗುಲಿಹಾಕಿದರು.

ಗುಂಪಿನ ಪದ್ಧತಿಯ ಪ್ರಕಾರ ಮುಂದೆ ಟೈಲರಮ್ಮ, ಅವಳ ಹಿಂದೆ ಹೊಸಬರು. ಉಳಿದವರು ಹಜಾರದಲ್ಲಿ ಕಾಯಬೇಕು, ಒಳಗಿನಿಂದ “ಬನ್ನಿ” ಎಂದಾಗ ಒಬ್ಬೊಬ್ಬರೇ ಬರಬೇಕು. ಭಾನುವಾರ ಟೈಲರಮ್ಮ ತನ್ನ ಹಳೆಯ ಕೋಟು ತೊಟ್ಟು ಸಂದಿಗೆ ನುಗ್ಗಿದಳು. ತಾನೇ ಹೊಲಿದ, ದೊಡ್ಡ ಹಳದಿ ಗುಂಡಿಗಳ ಕೋಟು. ಅಂಥ ಗುಂಡಿ ಊರಿನಲ್ಲಿ ಇನ್ಯಾರ ಬಟ್ಟೆಯಲ್ಲೂ ಇಲ್ಲ. ಇಷ್ಟು ವರ್ಷದ ಪರಿಚಯದ ಕಲ್ಲು, ಉಸಿರು ಬಿಗಿಹಿಡಿದರೆ ಬಿಟ್ಟುಕೊಟ್ಟೀತು ಎಂಬ ನಂಬಿಕೆ ಅವಳದು. ತಿರುವು ದಾಟಿದ್ದಾಯಿತು. ತಲೆ ಹೋಯಿತು, ಭುಜ ಹೋಯಿತು, ಸೊಂಟ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಲ್ಲಿಗೂ ದಾಕ್ಷಿಣ್ಯ ಗೊತ್ತಿರಲಿಲ್ಲ.

ಹಿಂದೆ ಬೀಗಿತ್ತಿ ಇದ್ದಾರೆ. ಈಗ ಅವರು ಬಾಯಿ ತೆರೆದರೆ ಹಜಾರಕ್ಕೇನು, ಬಸ್‌ಸ್ಟಾಪಿಗೂ ಕೇಳುತ್ತದೆ. ಟೈಲರಮ್ಮ ಕಣ್ಣು ಮುಚ್ಚಿಕೊಂಡಳು.

“ಬೀಗರೇ,” ಎಂದಿತು ಅವಳ ಪಾದದ ಹತ್ತಿರದಿಂದ ಒಂದು ದನಿ. ಎಷ್ಟು ಮೆಲ್ಲಗೆಂದರೆ, ಯಾರದೆಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಬೀಗಿತ್ತಿ ಪಿಸುಗುಟ್ಟುತ್ತಿದ್ದರು! “ಬಳೆ ದೊಡ್ಡದು ಮಾಡಿದ್ದೀರಿ ಅಲ್ವಾ?”

“…ಹೂಂ.”

“ನನಗೆ ನಿನ್ನೇನೇ ಗೊತ್ತಾಯ್ತು. ನಾನೇನು ಗುಲಗಂಜಿಯಷ್ಟೂ ಇಳಿದಿಲ್ಲ, ಬಳೆ ಮಾತ್ರ ಇಳೀತು.”

“ಗೊತ್ತಿದ್ದೂ ಯಾಕೆ ಬಂದ್ರಿ?”

“ಮುಂದೆ ಹೋಗೋದು ನೀವಲ್ವಾ? ಅದನ್ನ ನೋಡೋಣ ಅಂತ.”

ಹಾಗೆಂದವರು ಕಾಲು ಹಿಡಿದು ಎಳೆದರು. ಕೋಟು ಕಲ್ಲಿಗೆ ಕಚ್ಚಿಕೊಂಡಿತ್ತು. “ಬಲಗಡೆ ಕೆಳಜೇಬಿನಲ್ಲಿ ದಾರ ಕತ್ತರಿಸೋ ಚಿಕ್ಕ ಕತ್ತರಿ ಇದೆ,” ಎಂದಳು ಟೈಲರಮ್ಮ. “ಪಕ್ಕದ ಹೊಲಿಗೆ ಬಿಚ್ಚಿಬಿಡಿ.” ಬೀಗಿತ್ತಿ ತಡಕಾಡಿ ಕತ್ತರಿ ಹುಡುಕಿ ಬಿಚ್ಚತೊಡಗಿದರು. ಬಹಳ ಹೊತ್ತು ಬರೀ ಏದುಸಿರು. ಕೊನೆಗೆ, “ಏನು ಹೊಲಿಗೆ ಹಾಕ್ತೀರ್ರೀ! ಬಿಚ್ಚೋಕೇ ಬರ್ತಿಲ್ಲ. ಎಷ್ಟು ಗಟ್ಟಿ, ಎಷ್ಟು ಸಣ್ಣ!”

ಅಷ್ಟು ವರ್ಷ ಕಾದ ಮಾತು ಇಂಥ ಜಾಗದಲ್ಲಿ, ಇಂಥ ಭಂಗಿಯಲ್ಲಿ ಬಂದು ಸೇರಿತು. ಟೈಲರಮ್ಮನಿಗೆ ನಗು ಬಂತು. ನಕ್ಕಾಗ ಮೈ ಸಡಿಲವಾಯಿತು, ಬೀಗಿತ್ತಿ ಜಗ್ಗಿದರು, ಒಂದು ಗುಂಡಿ ಚಿಟಕ್ಕೆಂದು ಎಲ್ಲೋ ಹಾರಿತು, ಅವಳು ಹಿಂದಕ್ಕೆ ಜಾರಿ ಬಂದಳು. ಹಜಾರಕ್ಕೆ ಬಂದದ್ದೇ ಬೀಗಿತ್ತಿ ತಮ್ಮ ಸ್ಟೇಷನ್ ದನಿಯಲ್ಲಿ ಘೋಷಿಸಿದರು: “ಒಳಗೆ ನೀರು ನಿಂತಿದೆ! ಇವತ್ತು ದಾರಿ ಬಂದ್!” ಎಲ್ಲರೂ ಚೀಲ ಎತ್ತಿಕೊಂಡು ಹೊರಟರು.

ಅಂದು ಸಂಜೆಯೇ ಟೈಲರಮ್ಮ ಬಳೆಯನ್ನು ಮೊದಲಿನ ಅಳತೆಗೆ ತಂದಳು. ಆದರೆ ಬೀಗಿತ್ತಿಯ ಋಣವನ್ನು ಹಾಗೆ ಬಿಚ್ಚಿ ಕಟ್ಟುವುದು ಹೇಗೆ? ಅವರು ಆ ವಾರ ದಿನಾ ಅಂಗಡಿಗೆ ಬಂದರು. ಬಂದು ಕುರ್ಚಿ ಎಳೆದುಕೊಂಡು ಕೂತು, “ಗುಹೇಲಿ ನೀರು ಇಳಿದಿರಬಹುದಾ ಬೀಗರೇ?” ಎಂದು ಮುಗ್ಧರಂತೆ ಕೇಳುವರು. ಟೈಲರಮ್ಮ ಬಾಯಿ ಮುಚ್ಚಿಕೊಂಡು ಟೀ ತರಿಸುವಳು. ಗಂಡ ಇಸ್ತ್ರಿಯ ಹಬೆಯ ಹಿಂದೆ ಮುಖ ಮುಚ್ಚಿಕೊಂಡು ನಗುವನು.

ಶನಿವಾರ ಅವಳು ಮಂಡಿನೋವು ಎಂದಳು. ಚಿಕ್ಕಂದಿನಿಂದ ಗುಹೆ ಬಲ್ಲ, ಬಳೆ ಸಲೀಸಾಗಿ ಇಳಿದ ಮಗಳ ಕೈಗೆ ದೀಪ ಕೊಟ್ಟಳು. ಬೀಗಿತ್ತಿಯೂ ಕೈ ಮೇಲೆತ್ತಿ ನಿಂತು, ಬಳೆ ಸೊಂಟದಲ್ಲಿ ನಿಂತಾಗ, “ಒಂದೇ ವಾರದಲ್ಲಿ ಎಷ್ಟು ದಪ್ಪ ಆಗ್ಬಿಟ್ಟೆ!” ಎಂದು ಟೈಲರಮ್ಮನ ಕಡೆ ಕಣ್ಣು ಹೊಡೆದರು.

ಭಾನುವಾರ ಮಗಳು ಗುಹೆಯ ಬಾಯಲ್ಲಿ ನಿಂತು, “ಅಮ್ಮ, ಅತ್ತೆ, ಇಬ್ಬರೂ ಇಲ್ಲೇ ಕೂತಿರಿ. ಜಗಳ ಆಡಬೇಡಿ” ಎಂದು ಬಾಗಿ ಒಳಹೋದಳು. ಗುಂಪು ಅವಳ ಹಿಂದೆ ಹೋಯಿತು. ಇಬ್ಬರು ಬೀಗರು ಎಲ್ಲರ ಚೀಲ, ಟೋಪಿ ಕಾಯುತ್ತ ಬಂಡೆಯ ಮೇಲೆ ಕೂತರು. ಎಷ್ಟೋ ಹೊತ್ತಿನ ಮೇಲೆ, ಬಿರುಕಿನ ತಣ್ಣನೆ ಗಾಳಿಯ ಜೊತೆ ಬಹಳ ದೂರದಿಂದ ಒಂದು ಸಣ್ಣ “ಅಬ್ಬಾ!” ತೇಲಿ ಬಂತು. ಟೈಲರಮ್ಮನ “ಅಬ್ಬಾ” ಅದು. ಇನ್ನು ಮೇಲೆ ಅದನ್ನು ಹೊರಗೆ ಕೂತೇ ಕೇಳಬೇಕು. ಬೀಗಿತ್ತಿ ಅವಳ ಮುಖ ನೋಡಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟರು.

ಗುಂಪು ಹೊರಬಂತು. ಮಗಳು ಅಮ್ಮನನ್ನೇ ನೋಡುತ್ತ ಅಂಗೈ ಚಾಚಿದಳು. “ಗಂಟಲಲ್ಲಿ ಇದು ಸಿಕ್ತು. ಯಾರದು?” ಅಂಗೈಯಲ್ಲಿ ದೊಡ್ಡ ಹಳದಿ ಗುಂಡಿ. ಎಲ್ಲರ ಕಣ್ಣೂ ಮೆಲ್ಲಗೆ ಟೈಲರಮ್ಮನ ಕಡೆ ತಿರುಗತೊಡಗಿದವು.

“ನನ್ನದು ಕಣಮ್ಮ,” ಎಂದರು ಬೀಗಿತ್ತಿ ಎದ್ದು ನಿಂತು. “ನಿಮ್ಮಮ್ಮ ನನ್ನ ಸ್ವೆಟರಿಗೆ ಹಾಕಿಕೊಟ್ಟಿದ್ರು. ನೀರೂ ಇರಲಿಲ್ಲ, ಏನೂ ಇರಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ನಾನು. ಅವರೇ ಎಳೆದು ಬಿಡಿಸಿದ್ರು.”

ಗುಂಪು ಗೊಳ್ಳೆಂದಿತು. “ಬಳೆಯೊಳಗೆ ಹೇಗ್ರೀ ನುಗ್ಗಿದ್ರಿ? ಎಣ್ಣೆ ಹಚ್ಚಿಕೊಂಡು ಬಂದಿದ್ರಾ?” ಎಂದು ಯಾರೋ ರೇಗಿಸಿದರು. ಬೀಗಿತ್ತಿಯೂ ನಕ್ಕರು. ಆದರೆ ಅವರ ಕಿವಿ ಕೆಂಪಾದದ್ದು ಪಕ್ಕದಲ್ಲಿದ್ದ ಟೈಲರಮ್ಮನಿಗೆ ಕಂಡಿತು. ಅದನ್ನು ನೋಡಿಕೊಂಡು ಕೂತಿರಲು ಅವಳಿಂದಾಗಲಿಲ್ಲ.

“ಸುಳ್ಳು,” ಎಂದಳು. “ಗುಂಡಿ ನನ್ನದು. ಸಿಕ್ಕಿಹಾಕಿಕೊಂಡಿದ್ದು ನಾನು. ಬಳೆ ದೊಡ್ಡದು ಮಾಡಿದ್ದೂ ನಾನೇ. ಮಂಡಿನೋವೂ ಇಲ್ಲ, ಮಣ್ಣೂ ಇಲ್ಲ.”

ಬೀಗಿತ್ತಿ ಹಣೆ ಚಚ್ಚಿಕೊಂಡು, ಟೈಲರಮ್ಮನ ಕಿವಿಯ ಹತ್ತಿರ ಬಾಯಿ ತಂದು, ಕೈ ಅಡ್ಡ ಹಿಡಿದು ಗುಟ್ಟು ಹೇಳಿದರು:

“ಅಯ್ಯೋ ಬೀಗರೇ! ಇನ್ನೊಂದು ಹತ್ತು ವರ್ಷ ನಿಮ್ಮ ಹತ್ರ ಪುಕ್ಕಟೆ ಟೀ ಕುಡಿಯೋಣ ಅಂತಿದ್ದೆ, ಎಲ್ಲಾ ಹಾಳು ಮಾಡಿದ್ರಲ್ಲ!”

ಮಾತು ಕಮರಿಯ ಎರಡೂ ಗೋಡೆಗೆ ಬಡಿದು ಮರಳಿ ಬಂತು. ಪಾರಿವಾಳಗಳು ಎದ್ದು ಹಾರಿದವು. ಮಗಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು, ಗುಂಪಿಗೆ ಗುಂಪೇ ಬಿದ್ದು ಬಿದ್ದು ನಕ್ಕಿತು. ಪಾಪ, ಈಕೆಗೆ ಪಿಸುಗುಟ್ಟಲು ಬರುವುದೇ ಇಲ್ಲ ಎಂದು ಎಲ್ಲರೂ ಅಂದುಕೊಂಡರು. ಚೆನ್ನಾಗಿಯೇ ಬರುತ್ತದೆ ಎನ್ನುವುದು ಅಲ್ಲಿದ್ದವರಲ್ಲಿ ಟೈಲರಮ್ಮನೊಬ್ಬಳಿಗೇ ಗೊತ್ತಿತ್ತು.