ಮಹಶೀರ್ ಮೀನಿಗೆಂದು ಬಿಟ್ಟ ನೀರು

ಅಳಿವಿನಂಚಿನ ಹೊಳೆಮೀನುಗಳನ್ನು ಉಳಿಸುವುದು ನನ್ನ ಕೆಲಸ. ಆ ಬೇಸಿಗೆ ಕೊಳ್ಳೇಗಾಲದ ಹತ್ತಿರ ಕಟ್ಟೆಯ ನೀರೆಲ್ಲ ನಾಲೆಗೆ ಹೋಗಿ, ಕೆಳಗಿನ ಮಡುವಿನಲ್ಲಿ ದೊಡ್ಡ ಮಹಶೀರ್ ಮೀನೊಂದು ಬೆನ್ನು ಕಾಣುವಂತೆ ಒದ್ದಾಡುತ್ತಿತ್ತು. ಹೊಳೆಗೆ ಸ್ವಲ್ಪ ನೀರು ಬಿಡಪ್ಪಾ ಎಂದು ನೀರುಗಂಟಿಯನ್ನು ಬೇಡಿಕೊಂಡೆ.

“ನಾಲೆ ಕೊನೇಲಿ ಈ ಅವ್ವನ ಗದ್ದೆ ಒಣಗ್ತಾ ಅದೆ. ಇವರನ್ನೇ ಕೇಳಿ ಸಾ,” ಎಂದು ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸನ್ನು ತೋರಿಸಿದ.

ಕೇಳಲು ನನಗೆ ಬಾಯಿ ಬರಲಿಲ್ಲ. ಆಕೆ ಮಡುವನ್ನೇ ನೋಡುತ್ತಿದ್ದರು.

“ಬುಡ್ಲಾ, ಅದೂ ಜೀವ ಅಲ್ವಾ,” ಅಂದರು.

ನೀರುಗಂಟಿ ಹೊಳೆಯ ಗೇಟು ಎತ್ತಿದ. ನೀರು ಮಡು ತಲುಪುವಷ್ಟರಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

“ಇನ್ನು ನನ್ ಗದ್ದೆಗೆ ತಿರುಗಿಸ್ಬೌದಾ ಸಾ?” ಆಕೆ ಮೆಲ್ಲಗೆ ಕೇಳಿದರು.

ಹೊಳೆಯ ಗೇಟು ಮುಚ್ಚಲು, ಮೀನು ಉಳಿಸಲೆಂದೇ ಸಂಬಳ ಪಡೆಯುವ ನಾನೂ ಕೈ ಹಚ್ಚಿದೆ.