ಗಿಡ್ಡಪ್ಪ ಹಾಕಿದ ಗಂಟು

ಸೂಳೆಕೆರೆ ಏರಿ ಕೆಳಗಿನ ಗಿಡ್ಡಪ್ಪನ್ನ ಊರೋರು ಜೀವ ಉಳಿಸೋ ಪುಣ್ಯಾತ್ಮ ಅಂತಾರೆ. ಥೂ, ಅವನ ಬಾಯಿಗೆ ಮಣ್ಣು ಹಾಕ! ಮರದಿಂದ ಬಿದ್ದೋರ ಕಾಲು ಎಳೆಯಾಕೆ ಇವನೇ, ಎತ್ತು ತಿವಿದ ಗಾಯಕ್ಕೆ ಸಗಣಿ ಮೆತ್ತಾಕೆ ಇವನೇ. ಬದುಕಿದರೆ ಗಿಡ್ಡಪ್ಪನ ಕೈಗುಣ, ಸತ್ತರೆ ಅವರವರ ಹಣೆಬರಹ. ಬಾಯಿದ್ದೋನು ಬರಗಾಲದಾಗೂ ಬದುಕಿದ ಅನ್ನೋದು ಸುಮ್ನೆ ಅಲ್ಲ.

ಅವನ ದೊಡ್ಡ ವಿದ್ಯೆ ಅಂದ್ರೆ ಹಾವಿನ ಗಂಟು. ಕಚ್ಚಿದ ಜಾಗದ ಮೇಲ್ಗಡೆ ಹುರಿ ಬಿಗಿದು, ಬಾಯೊಳಗೇ ಏನೋ ಗೊಣಗಿ, ಉಫ್ ಅಂತ ಊದೋನು. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯೋರು ಮುಟ್ಟಿದರೆ ವಿಷ ಎದೆಗೆ ಏರುತೈತೆ ಅಂತ ಅವನ ಕಟ್ಟಪ್ಪಣೆ. ಊರೂ ಅದನ್ನ ನಂಬಿತ್ತು. ಕುರಿಗಾದ್ರೂ ಇದಕ್ಕಿಂತ ಬುದ್ಧಿ ಇರ್ತೈತೆ.

ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಬಸ್ಸು ಓಡಿಸ್ತಿದ್ದ ಯುದ್ಧದ ಕಾಲ. ನಮ್ಮ ಪಕ್ಕದ ಮನೆ ದಾವೂದ್ ತಾಮ್ರದ ಪಾತ್ರೆಗೆ ಕಲಾಯಿ ಹಾಕೋನು. ಅವನ ಬಲಗೈ ದುಡಿದರೇನೇ ಆ ಮನೇಲಿ ಒಲೆ ಹೊತ್ತಬೇಕು. ಒಂದಿನ ಸಂಜೆ ಕೆರೆ ದಂಡೇಲಿ ಪಾತ್ರೆ ತೊಳೆಯೋವಾಗ ಕಲ್ಲಿನ ಸಂದಿಯಿಂದ ಹಾವು ಬಂದು ಅದೇ ಕೈಗೆ ಕಚ್ಚಿತು. ಅವನು ಅದನ್ನ ಕೊಂದು ಕೋಲಿಗೆ ನೇತಾಕ್ಕೊಂಡೇ ಬಂದ. "ನೀರುಹಾವು ಕಣಕ್ಕ, ಏನೂ ಆಗಲ್ಲ," ಅಂತ ನನ್ನ ಮುಂದೆ ನಗ್ತಿದ್ದ.

ಅಷ್ಟರಾಗೆ ಬಂದನಲ್ಲ ನಮ್ಮ ಧನ್ವಂತರಿ! "ನಾಗರಹಾವು ನೀರಿಗೆ ಇಳಿಯಲ್ವೇನೋ? ಕೊಡು ಕೈ ಇತ್ತ," ಅಂದೋನೇ ಮೊಣಕೈ ಮೇಲೆ ಹುರಿ ಬಿಗಿದ. ಹುರಿ ಚರ್ಮದೊಳಗೆ ಹೂತುಹೋಯ್ತು. "ನಾನು ಬರೋತನಕ ಯಾರೂ ಮುಟ್ಟಬ್ಯಾಡ್ರಿ," ಅಂದು ಬಸವಾಪಟ್ಟಣಕ್ಕೆ ಮದುವೆ ಊಟಕ್ಕೆ ಹೊರಟೇಬಿಟ್ಟ.

ಕೈ ಊದಿತು, ನೀಲಿ ಆಯ್ತು. "ಬಿಚ್ರಪ್ಪಾ, ತಡೆಯಾಕೆ ಆಗಲ್ಲ," ಅಂತ ದಾವೂದ್ ಗೋಗರೆದ. ನಾನು ಕುಡುಗೋಲು ತಂದೆ. ಊರ ಹಿರಿಯ ಸಣ್ಣಪ್ಪ ಅದನ್ನ ಕಿತ್ತುಕೊಂಡು, "ಹೋದ ಜೀವ ನೀನು ತಂದುಕೊಡ್ತೀಯೇನೇ ಬಂಗಾರಮ್ಮ?" ಅಂತ ಗದರಿದ. ದಾವೂದನ ಹೆಂಡತಿ ತಾಜ್‌ಬೀ ನನ್ನ ಕಾಲು ಹಿಡಕೊಂಡಳು. "ಬ್ಯಾಡಕ್ಕ, ನನಗೆ ಅವರು ಉಳಿದರೆ ಸಾಕು." ಆ ಹೆಣ್ಣಿನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆ ಉರಿದಿದ್ದು ಉಳಿದ ದಂಡಪಿಂಡಗಳನ್ನ ನೋಡಿ.

ಅವಳ ತಮ್ಮ ಗೌಸ್‌ಪೀರ್ ಸೈಕಲ್ ತುಳಿದು ಗಿಡ್ಡಪ್ಪನ್ನ ಕರಿಯಾಕೆ ಹೋದ. ಆಸಾಮಿ ಎಲೆ ಮುಂದೆ ಕೂತಿದ್ದ. ನಡುವೆ ಎದ್ದರೆ ಅನ್ನಕ್ಕೆ ಅವಮಾನವಂತೆ! ಹೋಳಿಗೆ ಬಾರಿಸಿ, ಎಲೆಅಡಿಕೆ ಜಗಿದು, "ನನ್ನ ಗಂಟು ಇರೋತನಕ ಯಮನೂ ಹತ್ರ ಸುಳಿಯಲ್ಲ, ಹೋಗೋ," ಅಂತ ಅಲ್ಲೇ ಗೊರಕೆ ಹೊಡೆದ. ಮರುದಿನ ಬಿಸಿಲೇರಿದ ಮೇಲೆ ಬಂದು ಬಿಚ್ಚಿದ. ಕೈ ಕರ್ರಗಾಗಿ ಮರಗಟ್ಟಿತ್ತು.

ಬಸ್ಸಿಗೆ ಹಾಕ್ಕೊಂಡು ಪೇಟೆ ದವಾಖಾನೆಗೆ ಒಯ್ದೆವು. ಸತ್ತ ಹಾವನ್ನೂ ಗಡಿಗೇಲಿ ತಗೊಂಡು ಹೋಗಿದ್ದೆ. ಡಾಕ್ಟ್ರು ನೋಡಿ, "ಇದಕ್ಕೆ ವಿಷನೇ ಇಲ್ಲ. ಕೈ ಕೆಟ್ಟಿರೋದು ಹುರಿಯಿಂದ," ಅಂದ್ರು. ಬೇರೆ ದಾರಿ ಇರಲಿಲ್ಲ, ಮೊಣಕೈ ಮೇಲೆ ಕತ್ತರಿಸಿದ್ರು. ತಾಜ್‌ಬೀ ಗೋಡೆಗೆ ತಲೆ ಚಚ್ಚಿಕೊಂಡಳು.

ಗಿಡ್ಡಪ್ಪನಿಗೆ ನಾಚಿಕೆ ಆಯ್ತಾ? ಅಯ್ಯೋ, ಬಿಡ್ರಿ! "ಕೈ ಹೋದ್ರೂ ಜೀವ ಉಳಿಸಿದೆ," ಅಂತ ಸಂತೇಬೆನ್ನೂರು ಸಂತೇಲೂ ಸಾರಿಕೊಂಡು ಬಂದ. ಈ ಪೆದ್ದ ಊರು ಅವನಿಗೆ ಶಾಲು ಹೊದಿಸಿತು. ದಾವೂದ್ ಎಡಗೈಲಿ ಒಲೆಗೆ ಗಾಳಿ ಊದೋ ತಿದಿ ಒತ್ತುತಾ ಕೂತ, ಕಲಾಯಿ ಹಾಕೋದನ್ನ ತಾಜ್‌ಬೀ ಕಲಿತಳು.

ಮುಂದಿನ ಮಳೆಗಾಲದಾಗೆ ಗಿಡ್ಡಪ್ಪನ ಮಗಳು ಹೊನ್ನೂರಮ್ಮಂಗೆ ಸೌದೆ ತಗಿಯೋವಾಗ ಕೈಗೆ ಹಾವು ಕಚ್ಚಿತು. ನಾವೆಲ್ಲ ಓಡಿದೆವು. ಸಣ್ಣಪ್ಪ ಏದುಸಿರು ಬಿಡ್ತಾ ಹುರಿ ಹಿಡ್ಕೊಂಡು ಬಂದು, "ಬೇಗ ಗಂಟು ಹಾಕೋ ಗಿಡ್ಡ," ಅಂದ.

ಗಿಡ್ಡಪ್ಪ ಆ ಹುರಿ ಕಿತ್ತು ಚರಂಡಿಗೆ ಎಸೆದ.

"ತಲೆ ಕೆಟ್ಟೈತೇನೋ ನಿನಗೆ? ನನ್ನ ಮಗಳ ಕೈ ಅದು! ಗಾಡಿ ಹೂಡ್ರೋ, ದವಾಖಾನೆಗೆ ಹೋಗಬೇಕು!"

ಎಲ್ಲರಿಗಿಂತ ಮೊದಲು ಓಡಿಹೋಗಿ, ಉಳಿದ ಒಂದು ಕೈಲಿ ನೊಗ ಎತ್ತಿದೋನು ದಾವೂದ್.